8 ಕೆಜಿ ಜಾಕ್ ಮೇಲೆ ಕಾರು ನಿಲ್ಲುತ್ತಾ?

ಓದುಗರ ಪ್ರಶ್ನೆ: ಸರ್, ನಾನು ಪುತ್ತೂರಿನವನು, ವಯಸ್ಸು 57. ಮನೆಯಲ್ಲಿ ನನ್ನ ಹಳೇ ಸ್ವಿಫ್ಟ್ ಇದೆ, ಮಗನದ್ದು ಕ್ರೆಟಾ. ಚಕ್ರ ಅದಲುಬದಲು ಮಾಡುವುದು, ಬ್ರೇಕ್ ಪ್ಯಾಡ್ ನೋಡುವುದು, ಮಳೆಗಾಲ ಮುಗಿದ ಮೇಲೆ ಅಡಿ ತೊಳೆದು ತುಕ್ಕು ಹಿಡಿದಿದೆಯಾ ಅಂತ ನೋಡುವುದು, ಇಷ್ಟನ್ನು ನಾನೇ ಮಾಡಿಕೊಳ್ಳುತ್ತೇನೆ. ಕಾರಿನ ಜೊತೆ ಬಂದ ಜಾಕಿ ತಿರುಗಿಸಿ ತಿರುಗಿಸಿ ಸಾಕಾಗಿದೆ. 3 ವರ್ಷದ ಹಿಂದೆ ಬೆನ್ನಿನ ಡಿಸ್ಕ್ ತೊಂದರೆ ಆಗಿತ್ತು, ಭಾರ ಎತ್ತಬೇಡಿ ಅಂದಿದ್ದಾರೆ ಡಾಕ್ಟ್ರು. ಅದಕ್ಕೇ ಹಗುರವಾದ ಟ್ರಾಲಿ ಜಾಕ್, ಅಂದರೆ ಗಾಲಿ ಇರುವ, ಹ್ಯಾಂಡಲ್ ಒತ್ತಿ ಎತ್ತುವ ಜಾಕ್, ಹುಡುಕುತ್ತಿದ್ದೇನೆ. ಮೂರು ನೋಡಿಟ್ಟಿದ್ದೇನೆ. ಒಂದು 8.5 ಕೆಜಿಯ 2 ಟನ್ ಸ್ಟೀಲ್ ಜಾಕ್, ಪ್ಲಾಸ್ಟಿಕ್ ಪೆಟ್ಟಿಗೆಯಲ್ಲೇ ಬರುತ್ತದೆ. ಇನ್ನೊಂದು 14 ಕೆಜಿಯ 1.5 ಟನ್ ಅಲ್ಯೂಮಿನಿಯಂ, ತುಂಬಾ ದುಬಾರಿ. ಮೂರನೆಯದು 33 ಕೆಜಿಯ 3 ಟನ್ ಸ್ಟೀಲ್. ಪಕ್ಕದ ಮನೆಯವರು 3 ಟನ್‌ಗಿಂತ ಕಡಿಮೆಯದ್ದು ಮುಟ್ಟಲೇಬೇಡಿ, ಅಲ್ಯೂಮಿನಿಯಂ ಅಂದ್ರೆ ಪಾತ್ರೆ ಇದ್ದ ಹಾಗೆ, ಬಾಗುತ್ತದೆ ಅಂತಾರೆ. ನಮ್ಮ ಅಂಗಳಕ್ಕೆ ಇಂಟರ್‌ಲಾಕ್ ಹಾಕಿಸಿದ್ದೇವೆ. ಸಾಮಾನು ಇಡುವ ಕೋಣೆಗೆ 3 ಮೆಟ್ಟಿಲು ಹತ್ತಬೇಕು. ಹಗುರವೂ ಗಟ್ಟಿಯೂ ಆದದ್ದು ಯಾವುದು? ಹೆಚ್ಚಿನ ದಿನ ಮನೆಯಲ್ಲಿ ನಾನೊಬ್ಬನೇ ಇರುವುದು, ಅದನ್ನೂ ಗಮನದಲ್ಲಿಟ್ಟು ಹೇಳಿ.

ಉತ್ತರ: ನಿಮ್ಮ ಅಂಗಳ, ಮೆಟ್ಟಿಲು, ಬೆನ್ನು ಎಲ್ಲವನ್ನೂ ಬರೆದು ಕಳಿಸಿದ್ದು ತುಂಬಾ ಒಳ್ಳೆಯದಾಯಿತು. ಜಾಕ್ ಬಗ್ಗೆ ಕೇಳುವವರು ಸಾಮಾನ್ಯವಾಗಿ ಕಾರಿನ ಹೆಸರು ಮಾತ್ರ ಹೇಳುತ್ತಾರೆ. ಆದರೆ ಕಾರಿಗಿಂತ ಜಾಸ್ತಿ ನಿರ್ಧಾರ ಮಾಡುವುದು ಅದನ್ನು ಎಲ್ಲಿ ಇಟ್ಟು ಎತ್ತುತ್ತೀರಿ, ಯಾರು ಎತ್ತುತ್ತಾರೆ ಅನ್ನುವುದು. ನಿಮ್ಮ ಪ್ರಶ್ನೆಯ ಒಳಗೆ ಎರಡು ಭಯ ಇದೆ. ಭಾರದ ಜಾಕ್ ತಂದರೆ ಬೆನ್ನು ಹೋದೀತು, ಹಗುರದ್ದು ತಂದರೆ ಕಾರು ಬಿದ್ದೀತು. ಎರಡೂ ನ್ಯಾಯವಾದ ಭಯವೇ. ಆದರೆ 26 ವರ್ಷ ಗ್ಯಾರೇಜಿನಲ್ಲಿ ಕಳೆದ ಮೇಲೆ ಒಂದು ಮಾತು ಧೈರ್ಯವಾಗಿ ಹೇಳಬಲ್ಲೆ. ಜಾಕ್‌ನ ಕಬ್ಬಿಣ ಮುರಿದು ಕಾರು ಬಿದ್ದದ್ದನ್ನು ನಾನು ನೋಡಿಲ್ಲ. ಜಾಕ್ ಜಾರಿ, ವಾಲಿ, ನೆಲ ಕುಸಿದು, ಒಳಗಿನ ಎಣ್ಣೆ ತಡೆಯುವ ರಬ್ಬರ್ ಸೀಲ್ ಹೋಗಿ ಕಾರು ಕೆಳಗೆ ಬಂದದ್ದನ್ನು ಮಾತ್ರ ಎಷ್ಟೋ ಸಲ ನೋಡಿದ್ದೇನೆ.

ಮೊದಲು ಟನ್ ಲೆಕ್ಕ ಮುಗಿಸೋಣ, ಏಕೆಂದರೆ ಪಕ್ಕದ ಮನೆಯವರ ಮಾತು ನಿಂತಿರುವುದು ಅದರ ಮೇಲೆ. ನಿಮ್ಮ ಸ್ವಿಫ್ಟ್ ಇಡೀ ಕಾರೇ ಸುಮಾರು 900-1,000 ಕೆಜಿ. ಕ್ರೆಟಾ ಸುಮಾರು 1,300 ಕೆಜಿ. ಆದರೆ ನೀವು ಇಡೀ ಕಾರನ್ನು ಎತ್ತುವುದಿಲ್ಲ, ಅಲ್ವಾ? ಒಂದು ಮೂಲೆ ಎತ್ತುತ್ತೀರಿ, ಉಳಿದ ಭಾರ ಬೇರೆ ಚಕ್ರಗಳ ಮೇಲೆಯೇ ಇರುತ್ತದೆ. ಎಂಜಿನ್ ಇರುವ ಮುಂದಿನ ಮೂಲೆ ಎತ್ತಿದರೂ ಜಾಕ್ ಮೇಲೆ ಬೀಳುವುದು ಇಡೀ ಕಾರಿನ ತೂಕದ ಮೂರನೇ ಒಂದು ಪಾಲಿನ ಆಸುಪಾಸು. ಸ್ವಿಫ್ಟಿಗೆ 300-350 ಕೆಜಿ ಅಂದುಕೊಳ್ಳಿ, ಕ್ರೆಟಾಗೆ 450ರ ಹತ್ತಿರ. ಮುಂದಿನ ಎರಡೂ ಚಕ್ರ ಒಟ್ಟಿಗೆ ಎತ್ತಿದರೂ ಕ್ರೆಟಾದ ಭಾರ 800 ಕೆಜಿ ಒಳಗೇ. ಅಂದರೆ 1.5 ಟನ್ ಜಾಕ್‌ಗೆ ಇದು ಅರ್ಧ ಕೆಲಸ. 3 ಟನ್ ಬೇಕೇಬೇಕು ಅನ್ನುವುದು ತಪ್ಪು. ಆದರೆ ಅವರು ಹಾಗೆ ಹೇಳುವುದಕ್ಕೂ ಒಂದು ಕಾರಣ ಇದೆ. 3 ಟನ್ ಜಾಕ್‌ಗಳು ಉದ್ದ ಇರುತ್ತವೆ, ಅಗಲ ಇರುತ್ತವೆ, ಹ್ಯಾಂಡಲ್ ಉದ್ದ, ಎತ್ತರಕ್ಕೆ ಹೋಗುತ್ತವೆ. ಅವರಿಗೆ ಇಷ್ಟವಾಗಿರುವುದು ಆ ಗುಣಗಳು. ಅದನ್ನು ಟನ್ ಅಂತ ಕರೆಯುತ್ತಿದ್ದಾರೆ, ಅಷ್ಟೇ.

ಇನ್ನು ಅಲ್ಯೂಮಿನಿಯಂ. ಪಾತ್ರೆಯ ಹೋಲಿಕೆ ಸುಮಾರು ಮನೆಗಳಲ್ಲಿ ಕೇಳಿದ್ದೇನೆ. ಅನ್ನದ ಪಾತ್ರೆ ಬಾಗುವುದು ಅದರ ತಗಡು ತೆಳು ಇರುವುದಕ್ಕೆ. ಜಾಕ್‌ಗೆ ಬಳಸುವುದು ಮಿಶ್ರಲೋಹ, ಅದೂ ದಪ್ಪ ಪಟ್ಟಿ. ಸ್ಟೀಲ್‌ಗೆ ಹೋಲಿಸಿದರೆ ಅಲ್ಯೂಮಿನಿಯಂ ತೂಕ ಸುಮಾರು ಮೂರನೇ ಒಂದು ಪಾಲು, ಬಾಗದೆ ಬಿಗಿಯಾಗಿ ನಿಲ್ಲುವ ಗುಣವೂ ಸುಮಾರು ಮೂರನೇ ಒಂದು ಪಾಲೇ. ಅದಕ್ಕೆ ಪಕ್ಕದ ಪ್ಲೇಟುಗಳನ್ನು ಸ್ಟೀಲ್ ಜಾಕ್‌ಗಿಂತ ದಪ್ಪ ಮಾಡಿರುತ್ತಾರೆ. ಒಳಗಿನ ರ‍್ಯಾಮ್ (ತೋಳನ್ನು ಮೇಲೆ ತಳ್ಳುವ ದಂಡ), ಪಿನ್, ಪಂಪ್ ಸ್ಟೀಲ್‌ನದ್ದೇ. ಹಾಗಾಗಿ ಇಡೀ ಜಾಕ್ ಮೂರನೇ ಒಂದು ಪಾಲಿಗೆ ಇಳಿಯುವುದಿಲ್ಲ, ಅದೇ ಅಳತೆಯ ಸ್ಟೀಲ್ ಜಾಕ್‌ಗಿಂತ ಕಾಲು ಭಾಗವೋ ಸ್ವಲ್ಪ ಜಾಸ್ತಿಯೋ ಕಮ್ಮಿ ಆಗುತ್ತದೆ. ಕಾರ್ ರೇಸ್‌ಗಳಲ್ಲಿ ಓಡಿಕೊಂಡು ಬಂದು ಕಾರು ಎತ್ತುವವರು ಅಲ್ಯೂಮಿನಿಯಂ ಜಾಕ್ ಹಿಡಿಯುವುದು ಇದೇ ಕಾರಣಕ್ಕೆ. ಇದರ ನಿಜವಾದ ದೌರ್ಬಲ್ಯ ಬೇರೆ. ಕಲ್ಲಿಗೆ ಬಡಿದರೆ, ಮೇಲಿಂದ ಬಿದ್ದರೆ ಅಂಚು ನಜ್ಜಾಗುತ್ತದೆ, ಬೆಸುಗೆಯ ಹತ್ತಿರ ಬಿರುಕು ಬರಬಹುದು. ದಿನಕ್ಕೆ 30 ಕಾರು ಎತ್ತುವ ಗ್ಯಾರೇಜಿಗೆ ನಾನು ಅಲ್ಯೂಮಿನಿಯಂ ತರುವುದಿಲ್ಲ. ವರ್ಷಕ್ಕೆ 20 ಸಲ ಎತ್ತುವ ಮನೆಗೆ ಅದು ಧಾರಾಳ ಸಾಕು.

ಈಗ ಆ 8.5 ಕೆಜಿಯ ಜಾಕ್ ಹತ್ತಿರ ಬರೋಣ. ಇದು ಅಲ್ಯೂಮಿನಿಯಂ ಅಲ್ಲ, ಸ್ಟೀಲ್. ಆದರೂ 14 ಕೆಜಿಯ ಅಲ್ಯೂಮಿನಿಯಂಗಿಂತ ಹಗುರ. ಹೇಗೆ? ಗಾತ್ರ ಕಡಿಮೆ ಮಾಡಿ. ಅಂಗಡಿಯಲ್ಲಿ ಒಂದನ್ನು ನೆಲದ ಮೇಲೆ ಇಟ್ಟು ನೋಡಿ. ಉದ್ದ ಮೊಳಕ್ಕಿಂತ ಚೂರು ಜಾಸ್ತಿ ಇರುತ್ತದೆ, ಎರಡು ಪಕ್ಕದ ಪ್ಲೇಟುಗಳ ನಡುವೆ ನಿಮ್ಮ ಅಂಗೈ ಕಷ್ಟದಲ್ಲಿ ಹಿಡಿಯುತ್ತದೆ. ಕಾರಿಗೆ ತಾಗುವ ಬಟ್ಟಲು, ಅದನ್ನು ಸ್ಯಾಡಲ್ ಅಂತಾರೆ, ಚಹಾದ ಸಾಸರ್‌ಗಿಂತಲೂ ಚಿಕ್ಕದು. ಹಿಂದಿನ ಗಾಲಿ ಎರಡು ಅಡಿಕೆ ಇಟ್ಟ ಹಾಗೆ ಇರುತ್ತವೆ. ಹ್ಯಾಂಡಲ್ ಎರಡು ತುಂಡು, ಜೋಡಿಸಿದರೂ ಎರಡಡಿ ದಾಟುವುದು ಅಪರೂಪ. ಇದರ 2 ಟನ್ ಸುಳ್ಳಲ್ಲ. ಸಮನೆಲದಲ್ಲಿ, ನೇರವಾಗಿ ಭಾರ ಬಿದ್ದರೆ ಅದು ನಿಮ್ಮ ಎರಡೂ ಕಾರನ್ನು ಎತ್ತುತ್ತದೆ. ಕೊರತೆ ಇರುವುದು ಶಕ್ತಿಯಲ್ಲಲ್ಲ, ನಿಲುವಿನಲ್ಲಿ. ಬುಡ ಕಿರಿದಾದ ಏಣಿ ಎಷ್ಟೇ ಗಟ್ಟಿ ಇದ್ದರೂ ಅದರ ಮೇಲೆ ನಿಂತು ಪಕ್ಕಕ್ಕೆ ವಾಲಲು ಹೆದರಿಕೆ ಆಗುತ್ತದಲ್ಲ, ಹಾಗೆ. ಕಾರಿನ ಗಟ್ಟಿಯಾದ ನಟ್ ಬಿಚ್ಚಲು ಜಗ್ಗಿದಾಗ ಇಡೀ ಕಾರು ಸ್ವಲ್ಪ ಅಲುಗುತ್ತದೆ. ಆ ಅಲುಗಾಟ ಅಗಲ ಬುಡದ ಜಾಕ್‌ಗೆ ಲೆಕ್ಕಕ್ಕೇ ಇಲ್ಲ, ಇದಕ್ಕೆ ಲೆಕ್ಕ.

ನಿಮ್ಮ ಬೆನ್ನಿನ ವಿಷಯಕ್ಕೆ ಬಂದರೆ, ನೀವು ಯೋಚಿಸಿದ್ದಕ್ಕೆ ಉಲ್ಟಾ ಇರುವ ಒಂದು ಸಂಗತಿ ಹೇಳಬೇಕು. ಹಗುರ ಜಾಕ್ ಬೆನ್ನಿಗೆ ಒಳ್ಳೆಯದು ಅಂತ ನೀವು ಅಂದುಕೊಂಡಿದ್ದೀರಿ. ಜಾಕ್ ತೂಕ ನಿಮ್ಮ ಬೆನ್ನಿಗೆ ತಾಗುವುದು ಅದನ್ನು ತೆಗೆದು ಇಡುವಾಗ, ಎರಡೇ ಸಲ. ಹ್ಯಾಂಡಲ್‌ನ ಉದ್ದ ತಾಗುವುದು ಪ್ರತಿ ಪಂಪಿಗೂ. ಎರಡಡಿ ಹ್ಯಾಂಡಲ್ ಇದ್ದರೆ ನೀವು ಮಂಡಿ ಊರಿ, ಕಾರಿನ ಪಕ್ಕ ಬಗ್ಗಿ, ಕೈಯ ಬಲದಲ್ಲೇ ಒತ್ತಬೇಕು. ಚಿಕ್ಕ ಪಂಪ್ ಆದ್ದರಿಂದ ಒಂದೊಂದು ಒತ್ತಿಗೆ ಕಾರು ಏರುವುದೂ ಸ್ವಲ್ಪವೇ. ಒಂದು ಚಕ್ರ ನೆಲ ಬಿಡುವಷ್ಟರಲ್ಲಿ ಮೂವತ್ತು ನಲವತ್ತು ಸಲ ಬಗ್ಗಿ ಎದ್ದಿರುತ್ತೀರಿ, ನಾಲ್ಕು ಚಕ್ರಕ್ಕೆ ಲೆಕ್ಕ ಹಾಕಿ. ಅದೇ ಮೂರೂವರೆ ನಾಲ್ಕಡಿ ಹ್ಯಾಂಡಲ್ ಇರುವ, ಎರಡು ಪಿಸ್ಟನ್ ಪಂಪಿನ ಜಾಕ್ ಆದರೆ ನಿಂತುಕೊಂಡೇ ಹತ್ತು ಹದಿನೈದು ಸಲ ಒತ್ತಿದರೆ ಮುಗಿಯಿತು, ಅದೂ ಮೈಭಾರ ಬಿಟ್ಟರೆ ಸಾಕು. ಡಿಸ್ಕ್ ತೊಂದರೆ ಇದ್ದವರಿಗೆ ಕೆಜಿಗಿಂತ ಮೊದಲು ಹ್ಯಾಂಡಲ್ ಉದ್ದ ನೋಡಿ ಅಂತ ನಾನು ಹೇಳುವುದು ಇದಕ್ಕೇ.

ಮುಂದಿನದು ಎತ್ತರ. ಇಲ್ಲಿ ಮೋಸ ಹೋಗುವವರೇ ಜಾಸ್ತಿ. ಪ್ರತಿ ಜಾಕ್‌ಗೂ ಎರಡು ಅಳತೆ ಇರುತ್ತದೆ. ಪೂರ್ತಿ ಇಳಿದಾಗ ಎಷ್ಟು, ಪೂರ್ತಿ ಏರಿದಾಗ ಎಷ್ಟು. ಚಿಕ್ಕ ಪೆಟ್ಟಿಗೆ ಜಾಕ್‌ಗಳದ್ದು ಸಾಮಾನ್ಯವಾಗಿ 13-14 ಸೆಂ.ಮೀ.ನಿಂದ 33-34 ಸೆಂ.ಮೀ. ತಗ್ಗು ಜಾಕ್‌ಗಳು, ಅಂದರೆ ಲೋ ಪ್ರೊಫೈಲ್ ಅನ್ನುವವು, 8-9 ಸೆಂ.ಮೀ.ಗೆ ಇಳಿಯುತ್ತವೆ. ದೊಡ್ಡವು 50 ಸೆಂ.ಮೀ.ವರೆಗೂ ಏರುತ್ತವೆ. ಕಾರನ್ನು 33 ಸೆಂ.ಮೀ. ಎತ್ತಿದರೆ ಸಾಕಲ್ವಾ ಅನಿಸುತ್ತದೆ. ಆದರೆ ಕಾರು ಮೇಲೆ ಹೋದರೂ ಚಕ್ರ ತಕ್ಷಣ ಮೇಲೆ ಬರುವುದಿಲ್ಲ. ಒತ್ತಿಕೊಂಡಿದ್ದ ಸ್ಪ್ರಿಂಗ್ ಬಿಚ್ಚಿಕೊಳ್ಳುತ್ತಾ ಚಕ್ರವನ್ನು ನೆಲಕ್ಕೇ ಹಿಡಿದಿರುತ್ತದೆ. ಮೊದಲ ಹತ್ತು ಸೆಂ.ಮೀ. ಹೆಚ್ಚುಕಡಿಮೆ ಅದಕ್ಕೇ ಹೋಗುತ್ತದೆ. ಕ್ರೆಟಾದಂಥ ಎತ್ತರದ ಗಾಡಿಯಲ್ಲಿ ಜಾಕ್ ಪೂರ್ತಿ ಏರಿ ಮುಗಿದರೂ ಟೈರ್ ನೆಲಕ್ಕೆ ತಾಗಿಕೊಂಡೇ ಇರುವುದನ್ನು ನೋಡಿದ್ದೇನೆ. ಆಗ ಏನು ಮಾಡುತ್ತಾರೆ? ಸ್ಯಾಡಲ್ ಮೇಲೆ ಮರದ ತುಂಡು, ಅದರ ಮೇಲೆ ಇನ್ನೊಂದು ತುಂಡು. ಅಲ್ಲಿಂದ ಅಪಾಯ ಶುರು.

ಇದಕ್ಕೆ ಸುಲಭ ದಾರಿ ಇದೆ, ದುಡ್ಡು ಕೊಡುವ ಮೊದಲೇ ಮಾಡಬಹುದು. ಕಾರಿನ ಜೊತೆ ಬಂದ ಜಾಕಿಯಲ್ಲೇ ಒಂದು ಚಕ್ರವನ್ನು ನೆಲದಿಂದ ನಾಲ್ಕು ಬೆರಳು ಮೇಲೆ ಎತ್ತಿ. ಟೇಪ್ ಹಿಡಿದು ನೆಲದಿಂದ ಜಾಕಿ ಕೊಟ್ಟ ಜಾಗದವರೆಗೆ ಅಳೆಯಿರಿ. ಅದಕ್ಕೆ 5 ಸೆಂ.ಮೀ. ಸೇರಿಸಿ. ನಿಮ್ಮ ಜಾಕ್ ಕನಿಷ್ಠ ಅಷ್ಟು ಏರಬೇಕು. ಇನ್ನೊಂದು ಅಳತೆ, ಅದೇ ಚಕ್ರದ ಗಾಳಿ ಪೂರ್ತಿ ಇಳಿಸಿ, ಕಾರು ನೆಲದ ಮೇಲೆ ಇರುವಾಗ ಅದೇ ಜಾಗದ ಎತ್ತರ. ಪಂಕ್ಚರ್ ಆದಾಗ ಜಾಕ್ ಒಳಗೆ ಹೋಗಬೇಕಾದದ್ದು ಆ ಸಂದಿಗೆ. ಎರಡೂ ಕಾರಿಗೆ ಅಳೆದು ಚೀಟಿಯಲ್ಲಿ ಬರೆದುಕೊಂಡು ಅಂಗಡಿಗೆ ಹೋಗಿ.

ನಿಮ್ಮ ಇಂಟರ್‌ಲಾಕ್ ಬಗ್ಗೆ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಚಿಂತೆ ಆದದ್ದು ಆ ಸಾಲು ಓದಿ. ಟ್ರಾಲಿ ಜಾಕ್‌ಗೆ ಗಾಲಿ ಇರುವುದು ಬರೀ ತಳ್ಳಿಕೊಂಡು ಹೋಗಲಿಕ್ಕೆ ಅಂತ ತುಂಬಾ ಜನ ತಿಳಿದಿದ್ದಾರೆ. ಹಾಗಲ್ಲ. ಅದರ ತೋಳು ಹಿಂದಿನ ಪಿನ್ ಸುತ್ತ ತಿರುಗುತ್ತಾ ಏರುವುದರಿಂದ ಸ್ಯಾಡಲ್ ನೇರ ಮೇಲಕ್ಕೆ ಹೋಗುವುದಿಲ್ಲ, ಕಮಾನಿನ ಹಾಗೆ ಏರುತ್ತಾ ಹ್ಯಾಂಡಲ್ ಕಡೆಗೆ ಸರಿಯುತ್ತದೆ. ಕಾರು ಇದ್ದಲ್ಲೇ ಇರಬೇಕಾದರೆ ಜಾಕ್ ತಾನೇ ಕಾರಿನ ಅಡಿಗೆ ಉರುಳಿಕೊಂಡು ಹೋಗಬೇಕು. ಪಂಪ್ ಮಾಡುವಾಗ ಗಮನಿಸಿ, ಜಾಕ್ ನಿಧಾನಕ್ಕೆ ಮುಂದೆ ಹೋಗುವುದು ಕಾಣುತ್ತದೆ. ಈಗ ಅದರ ಗಾಲಿ ಎರಡು ಕಲ್ಲುಗಳ ನಡುವಿನ ಸಂದಿಯಲ್ಲಿ ಸಿಕ್ಕಿಕೊಂಡರೆ? ಜಾಕ್ ಉರುಳುವುದಿಲ್ಲ, ಸ್ಯಾಡಲ್ ಕಾರಿನ ಅಂಚಿನ ಮೇಲೆ ಜಾರುತ್ತದೆ, ಇಲ್ಲವೇ ಕಾರನ್ನೇ ಪಕ್ಕಕ್ಕೆ ಎಳೆಯುತ್ತದೆ. ಇನ್ನೊಂದು, ಇಂಟರ್‌ಲಾಕ್ ಕೂರಿಸುವುದು ಎಂಸ್ಯಾಂಡ್ ಅಥವಾ ಮರಳಿನ ಹಾಸಿನ ಮೇಲೆ. ಕಾರಿನ ಟೈರ್ ಅಗಲ ಇದೆ, ಭಾರ ಹಂಚುತ್ತದೆ. ಜಾಕ್‌ನ ಕಬ್ಬಿಣದ ಗಾಲಿ ಒಂದೇ ಕಲ್ಲಿನ ಅಂಚನ್ನು ಒತ್ತುತ್ತದೆ. ನಿಮ್ಮ ಕಡೆಯ ಮಳೆಗೆ ಒಳಗಿನ ಮರಳು ಅಲ್ಲಲ್ಲಿ ತೊಳೆದು ಹೋಗಿದ್ದರೆ ಆ ಕಲ್ಲು ಒಂದು ಮಗ್ಗುಲಿಗೆ ಕೂತುಬಿಡುತ್ತದೆ.

ನಾನು ಕೆಲಸ ಕಲಿಯುವಾಗ ಹೀಗೇ ಆಗಿತ್ತು. ಇಂಟರ್‌ಲಾಕ್ ಅಲ್ಲ, ಮಣ್ಣಿನ ಅಂಗಳ, ಹಿಂದಿನ ದಿನ ಮಳೆ ಬಂದಿತ್ತು. ಒಂದು ಓಮ್ನಿಯ ಹಿಂದಿನ ಚಕ್ರ ಬಿಚ್ಚಿ ಡ್ರಮ್ ತೆಗೆಯುತ್ತಿದ್ದೆವು. ಜಾಕ್‌ನ ಒಂದು ಗಾಲಿ ಮೆಲ್ಲಗೆ ಮಣ್ಣಿಗೆ ಇಳಿಯುತ್ತಿದ್ದದ್ದು ಯಾರಿಗೂ ಕಾಣಲಿಲ್ಲ. ಟಪ್ ಅಂತ ಒಂದೇ ಸದ್ದು. ಡ್ರಮ್ ನೆಲಕ್ಕೆ ಬಿತ್ತು, ಬ್ರೇಕ್ ಪೈಪ್ ಚಪ್ಪಟೆ ಆಯಿತು. ನನ್ನ ಜೊತೆಗಿದ್ದ ಹುಡುಗ ಪಾನಾ ತರಲು ಅಂತ ಆಗಷ್ಟೇ ಕೈ ಹೊರಗೆ ತೆಗೆದಿದ್ದ. ಅವನ ಕೈ ನಡುಗುತ್ತಿದ್ದದ್ದು ಸಂಜೆವರೆಗೂ ನಿಲ್ಲಲಿಲ್ಲ. ಅವತ್ತಿನಿಂದ ಹಲಗೆ ಹಾಕದೆ ನಾನು ಜಾಕ್ ಇಟ್ಟಿಲ್ಲ.

ಹಲಗೆ ಅಂದರೆ 18 ಮಿ.ಮೀ. ದಪ್ಪದ ಪ್ಲೈವುಡ್. ಜಾಕ್‌ನ ನಾಲ್ಕೂ ಗಾಲಿ ಅದರ ಮೇಲೇ ಇರಬೇಕು, ಮುಂದೆ ಉರುಳಲು ಇನ್ನೂ ಒಂದಡಿ ಜಾಗ ಉಳಿಯಬೇಕು. ಎರಡು ಅಡಿ ಅಗಲ, ನಾಲ್ಕು ಅಡಿ ಉದ್ದದ ತುಂಡು ಸಾಕು. ಬಡಗಿಗಳ ಹತ್ತಿರ ಉಳಿದ ತುಂಡು ಸುಲಭವಾಗಿ ಸಿಗುತ್ತದೆ. ಹಲಗೆಯ ದಪ್ಪ ಜಾಕ್‌ನ ಎತ್ತರಕ್ಕೆ ಸೇರುತ್ತದೆ ಅನ್ನುವುದು ನೆನಪಿರಲಿ. ಒಳಗೆ ತೂರಿಸುವಾಗ ಅದು ಕಷ್ಟ, ಮೇಲೆ ಎತ್ತುವಾಗ ಲಾಭ. ಅಂಗಳಕ್ಕೆ ನೀರು ಹರಿಯಲಿ ಅಂತ ಇಳಿಜಾರು ಕೊಟ್ಟಿರುತ್ತಾರೆ, ಇರುವುದರಲ್ಲಿ ಸಮತಟ್ಟಾದ ಜಾಗ ಹುಡುಕಿಕೊಳ್ಳಿ. ಗೇಟಿನ ರ‍್ಯಾಂಪ್ ಮೇಲಂತೂ ಬೇಡವೇ ಬೇಡ.

ಈಗ ಎಲ್ಲಕ್ಕಿಂತ ಮುಖ್ಯವಾದದ್ದು. ನೀವು ಕೇಳಿದ ಮೂರು ಜಾಕ್‌ಗಳಲ್ಲಿ ಯಾವುದನ್ನೇ ತಂದರೂ ಅದರ ಮೇಲೆ ಕಾರು ನಿಲ್ಲಿಸಿ ಅಡಿಗೆ ಹೋಗುವ ಹಾಗಿಲ್ಲ. ಜಾಕ್ ಇರುವುದು ಎತ್ತಲಿಕ್ಕೆ, ಹಿಡಿದು ನಿಲ್ಲಿಸಲಿಕ್ಕಲ್ಲ. ಅದರ ಒಳಗೆ ಆಗುವುದು ಇಷ್ಟೇ. ನೀವು ಹ್ಯಾಂಡಲ್ ಒತ್ತಿದಾಗ ಚಿಕ್ಕ ಪಿಸ್ಟನ್ ಎಣ್ಣೆಯನ್ನು ದೊಡ್ಡ ಸಿಲಿಂಡರಿಗೆ ತಳ್ಳುತ್ತದೆ, ಆ ಎಣ್ಣೆ ಹಿಂದಕ್ಕೆ ಬರದ ಹಾಗೆ ಒಂದು ಚಿಕ್ಕ ಉಕ್ಕಿನ ಗುಂಡು ದಾರಿ ಮುಚ್ಚುತ್ತದೆ. ಇಡೀ ಕಾರು ನಿಂತಿರುವುದು ಆ ಗುಂಡು ಮತ್ತು ಒಂದು ರಬ್ಬರ್ ಸೀಲ್ ನಂಬಿ. ಗುಂಡಿನ ಕೆಳಗೆ ಸಾಸಿವೆ ಕಾಳಿನಷ್ಟು ಕಸ ಸಿಕ್ಕರೂ ಕಾರು ಇಳಿಯುತ್ತದೆ. 8 ಕೆಜಿ ಜಾಕ್‌ನಲ್ಲೂ ಅದೇ, 33 ಕೆಜಿ ಜಾಕ್‌ನಲ್ಲೂ ಅದೇ. ಹಾಗಾಗಿ ಜಾಕ್ ಜೊತೆ ಒಂದು ಜೊತೆ ಜಾಕ್ ಸ್ಟ್ಯಾಂಡ್, ಅಂದರೆ ಎತ್ತಿದ ಕಾರನ್ನು ಹೊತ್ತು ನಿಲ್ಲುವ ಕಬ್ಬಿಣದ ಕಾಲು, ತರಲೇಬೇಕು. ದುಡ್ಡು ಸಾಲದಿದ್ದರೆ ಜಾಕ್‌ನಲ್ಲಿ ಉಳಿಸಿ, ಸ್ಟ್ಯಾಂಡಿನಲ್ಲಿ ಉಳಿಸಬೇಡಿ.

ಸ್ಟ್ಯಾಂಡ್ ಕೊಳ್ಳುವಾಗಲೂ ಕಣ್ಣುಮುಚ್ಚಿ ಕೊಳ್ಳುವ ಹಾಗಿಲ್ಲ. 2020ರಲ್ಲಿ ಅಮೆರಿಕದ ಹಾರ್ಬರ್ ಫ್ರೈಟ್ ಕಂಪನಿ ತನ್ನ ಪಿಟ್ಸ್‌ಬರ್ಗ್ ಬ್ರ್ಯಾಂಡಿನ 3 ಟನ್ ಮತ್ತು 6 ಟನ್ ಸ್ಟ್ಯಾಂಡ್‌ಗಳನ್ನು, ಒಟ್ಟು ಸುಮಾರು 17 ಲಕ್ಷ, ವಾಪಸ್ ಕರೆಯಬೇಕಾಯಿತು. ಎತ್ತರ ಹೊಂದಿಸುವ ಹಲ್ಲುಗಳಿಗೆ ಕಚ್ಚಿಕೊಳ್ಳಬೇಕಾದ ಕೊಕ್ಕೆ ಸರಿಯಾಗಿ ಕೂರದೆ, ಭಾರ ಇರುವಾಗ ಅಲುಗಿದರೆ ಜಾರಿಬಿಡುವ ಸಾಧ್ಯತೆ ಇತ್ತು. ಟನ್ ಎಷ್ಟೇ ಬರೆದಿರಲಿ, ಆ ಕೊಕ್ಕೆಯ ಕೂರುವಿಕೆಯೇ ಎಲ್ಲ. ಅದಕ್ಕೆ ನಾನು ಮನೆಬಳಕೆಗೆ ಹೇಳುವುದು ಈ ಬದಿಯಿಂದ ಆ ಬದಿಗೆ ದಪ್ಪ ಪಿನ್ ತೂರಿಸುವ ಸ್ಟ್ಯಾಂಡ್, ಅಥವಾ ಹಲ್ಲಿನ ಜೊತೆಗೆ ಒಂದು ಪಿನ್ನೂ ಇರುವಂಥದ್ದು. ಸ್ಟ್ಯಾಂಡಿನ ಕನಿಷ್ಠ ಎತ್ತರ ಸಾಮಾನ್ಯವಾಗಿ 27-28 ಸೆಂ.ಮೀ. ಇರುತ್ತದೆ. ಅದನ್ನು ಅಡಿಗೆ ಇಡಬೇಕಾದರೆ ಕಾರು ಅದಕ್ಕಿಂತ ಮೇಲೆ ಏರಿರಬೇಕು, ಇಲ್ಲೂ ಚಿಕ್ಕ ಜಾಕ್‌ಗೆ ಉಳಿಯುವ ಅಂತರ ಕಮ್ಮಿ.

ಜಾಕ್ ಇಡುವ ಜಾಗದಲ್ಲೇ ಸ್ಟ್ಯಾಂಡ್ ಹೇಗೆ ಇಡುವುದು ಅಂತ ನಿಮಗೆ ಮುಂದೆ ಅನುಮಾನ ಬರುತ್ತದೆ, ಎಲ್ಲರಿಗೂ ಬರುತ್ತದೆ. ಬಾಗಿಲ ಕೆಳಗಿನ ಅಂಚಿನಲ್ಲಿ, ಮುಂದಿನ ಚಕ್ರದ ಹಿಂದೆ ಮತ್ತು ಹಿಂದಿನ ಚಕ್ರದ ಮುಂದೆ, ಸಣ್ಣ ಕಚ್ಚು ಅಥವಾ ಗುರುತು ಇರುತ್ತದೆ. ಒಳಗಡೆ ಗಟ್ಟಿ ಮಾಡಿರುವುದು ಆ ಜಾಗ ಮಾತ್ರ. ಗ್ಯಾರೇಜಿನಲ್ಲಿ ನಾವು ಮುಂಭಾಗದ ಮಧ್ಯದಲ್ಲಿರುವ ಅಡ್ಡ ತೊಲೆಗೆ ಜಾಕ್ ಕೊಟ್ಟು ಎರಡೂ ಚಕ್ರ ಒಟ್ಟಿಗೆ ಎತ್ತಿ, ಎರಡು ಬದಿಯ ಗುರುತಿನ ಜಾಗಕ್ಕೆ ಸ್ಟ್ಯಾಂಡ್ ಕೊಡುತ್ತೇವೆ. ಆದರೆ ಬಂಪರ್ ಕೆಳಗಿಂದ ಅಷ್ಟು ಒಳಗೆ ಹೋಗಿ ಇನ್ನೂ ಹ್ಯಾಂಡಲ್ ಆಡಬೇಕಾದರೆ ಉದ್ದನೆಯ ಜಾಕ್ ಬೇಕು. ನಿಮ್ಮ ಕಾರಿಗೆ ಮಧ್ಯದ ಜಾಗ ಯಾವುದು ಅಂತ ಪುಸ್ತಕದಲ್ಲಿ ನೋಡಿ, ಇಲ್ಲವೇ ಸರ್ವಿಸ್‌ಗೆ ಬಿಟ್ಟಾಗ ಅಡಿಗೆ ಹೋಗಿ ಕೈಯಿಟ್ಟು ತೋರಿಸಲು ಹೇಳಿ. ಅಂದಾಜಿನ ಮೇಲೆ ಆಯಿಲ್ ಚೇಂಬರ್‌ಗೋ ತಗಡಿನ ನೆಲಕ್ಕೋ ಕೊಟ್ಟರೆ ಖರ್ಚು ದೊಡ್ಡದು. ಮುಂದೆ ಮನೆಗೆ ಎಲೆಕ್ಟ್ರಿಕ್ ಕಾರು ಬಂದರೆ ಇನ್ನೂ ಹುಷಾರು, ಅಡಿಯಿಡೀ ಬ್ಯಾಟರಿ ಇರುತ್ತದೆ.

ಒಂದೇ ಚಕ್ರದ ಕೆಲಸ ಇದ್ದು ಅಡಿಗೆ ಹೋಗುವುದಿಲ್ಲ ಅಂತಾದರೆ, ಗುರುತಿನ ಜಾಗಕ್ಕೆ ಜಾಕ್ ಕೊಡಿ, ಬಿಚ್ಚಿದ ಚಕ್ರವನ್ನೇ ಬಾಗಿಲ ಅಂಚಿನ ಕೆಳಗೆ ಮಲಗಿಸಿ ಇಡಿ. ಅಕಸ್ಮಾತ್ ಕಾರು ಇಳಿದರೂ ಚಕ್ರದ ಮೇಲೆ ನಿಲ್ಲುತ್ತದೆ, ನಿಮ್ಮ ಕೈ ಉಳಿಯುತ್ತದೆ. ಸ್ಟ್ಯಾಂಡ್ ಬದಲು ಮುರಕಲ್ಲು, ಹಾಲೋ ಬ್ಲಾಕ್, ಇಟ್ಟಿಗೆ ಯಾವುದೂ ಬೇಡ. ನಿಮ್ಮ ಕಡೆ ಪ್ರತಿ ಮನೆಯ ಹಿಂದೆ ನಾಲ್ಕು ಮುರಕಲ್ಲು ಬಿದ್ದಿರುತ್ತದೆ, ಕೈಗೆ ಸಿಗುತ್ತದೆ ಅಂತ ಇಟ್ಟುಬಿಡುತ್ತಾರೆ. ಗೋಡೆಯಲ್ಲಿ ಅದು ನೂರು ವರ್ಷ ನಿಲ್ಲಬಹುದು. ಆದರೆ ಒಂದು ಕಬ್ಬಿಣದ ಅಂಚು ಒತ್ತಿದರೆ ಮುನ್ಸೂಚನೆಯೇ ಇಲ್ಲದೆ ಪುಡಿಯಾಗುತ್ತದೆ.

ಹ್ಯಾಂಡ್ ಬ್ರೇಕ್ ಬಗ್ಗೆ ಒಂದು ವಿಷಯ. ನಿಮ್ಮ ಎರಡೂ ಕಾರಿನಲ್ಲಿ ಹ್ಯಾಂಡ್ ಬ್ರೇಕ್ ಹಿಡಿಯುವುದು ಹಿಂದಿನ ಚಕ್ರ, ಗೇರ್ ಹಿಡಿಯುವುದು ಮುಂದಿನ ಚಕ್ರ. ಮುಂದಿನ ಒಂದು ಚಕ್ರ ಗಾಳಿಗೆ ಎದ್ದರೆ ಗೇರ್ ಹಿಡಿತ ಹೋಯಿತು, ಎದ್ದ ಚಕ್ರ ಸುಮ್ನೆ ತಿರುಗಿಬಿಡುತ್ತದೆ. ಆಟೋಮ್ಯಾಟಿಕ್ ಗಾಡಿಯ ಪಾರ್ಕ್ ಕೂಡ ಹಾಗೇ. ಹಿಂದಿನದು ಎತ್ತಿದರೆ ಹ್ಯಾಂಡ್ ಬ್ರೇಕ್ ಅರ್ಧ ಹೋಯಿತು. ಅದಕ್ಕೆ ಎತ್ತುವ ಚಕ್ರದ ಎದುರು ಮೂಲೆಯ ಚಕ್ರಕ್ಕೆ ಹಿಂದೆ ಮುಂದೆ ಎರಡೂ ಕಡೆ ಮರದ ತುಂಡು ಅಡ್ಡ ಕೊಡಿ. ನಟ್‌ಗಳನ್ನು ಚಕ್ರ ನೆಲದ ಮೇಲೆ ಇರುವಾಗಲೇ ಅರ್ಧ ಸುತ್ತು ಸಡಿಲಿಸಿಕೊಳ್ಳಿ.

ಹಾಗಾದರೆ ನಿಮಗೆ ಯಾವುದು? ಏನೂ ಕೊಳ್ಳದೆ ಮೊದಲು ಮಾಡಬಹುದಾದದ್ದು ಒಂದಿದೆ. ಕಾರಿನ ಜೊತೆ ಬಂದ ಜಾಕಿಯ ಸ್ಕ್ರೂವನ್ನು ಸೀಮೆಎಣ್ಣೆಯಲ್ಲೋ ಡೀಸೆಲ್‌ನಲ್ಲೋ ತೊಳೆದು ಉದ್ದಕ್ಕೂ ಗ್ರೀಸ್ ಹಚ್ಚಿ. ಒಣಗಿದ ಸ್ಕ್ರೂವಿಗೂ ಗ್ರೀಸ್ ಹಾಕಿದ ಸ್ಕ್ರೂವಿಗೂ ಇರುವ ವ್ಯತ್ಯಾಸ ಕೈಗೆ ಗೊತ್ತಾಗುತ್ತದೆ. ಆದರೆ ಅದು ದಾರಿಯಲ್ಲಿ ಸ್ಟೆಪ್ನಿ ಹಾಕಲಿಕ್ಕೆ ಕೊಟ್ಟದ್ದು, ಮನೆಯ ಕೆಲಸಕ್ಕೆ ಅದರ ಬುಡ ಸಾಲದು. ಬಾಟಲಿಯ ಹಾಗೆ ನೇರ ನಿಲ್ಲುವ ಬಾಟಲ್ ಜಾಕ್ ಅಗ್ಗ ಮತ್ತು ಹಗುರ, ಆದರೆ ಬೊಲೆರೊದಂಥ ಎತ್ತರದ ಗಾಡಿಯ ಆಕ್ಸಲ್‌ಗೆ ಸರಿ. ಟೈರ್ ಪಂಕ್ಚರ್ ಆದ ಸ್ವಿಫ್ಟ್ ಅಡಿಗೆ ಹೋಗುವುದೇ ಇಲ್ಲ.

8.5 ಕೆಜಿಯದ್ದು ನಿಮಗೆ ಬೇಡ. ಸ್ವಿಫ್ಟ್ ಒಂದೇ ಇದ್ದು, ಕಾಂಕ್ರೀಟ್ ನೆಲ ಇದ್ದು, ಬೆನ್ನು ಗಟ್ಟಿ ಇದ್ದಿದ್ದರೆ ಆಗಬಹುದು ಅನ್ನುತ್ತಿದ್ದೆ. 33 ಕೆಜಿಯದ್ದು ಉತ್ತಮ ಜಾಕ್, ಆದರೆ 3 ಮೆಟ್ಟಿಲು ಹತ್ತಿಸುವ ಮಾತೇ ಬೇಡ, ಒಂದು ಸಲ ಎತ್ತಿದರೂ ನಿಮ್ಮ ಡಾಕ್ಟ್ರು ಹೇಳಿದ್ದು ಮೀರಿದ ಹಾಗೆ. 14 ಕೆಜಿಯ ಅಲ್ಯೂಮಿನಿಯಂ ನಿಮಗೆ ಹತ್ತಿರ ಬರುತ್ತದೆ. ಕೊಳ್ಳುವ ಮೊದಲು ಒಂದನ್ನು ನೋಡಿಕೊಳ್ಳಿ, 1.5 ಟನ್‌ನ ಕೆಲವು ಅಲ್ಯೂಮಿನಿಯಂ ಜಾಕ್ 35 ಸೆಂ.ಮೀ. ಆಸುಪಾಸಿಗೇ ನಿಲ್ಲುತ್ತವೆ. ನಿಮ್ಮ ಕ್ರೆಟಾದ ಚೀಟಿಯ ಅಳತೆಗೆ ಅದು ಮುಟ್ಟದಿದ್ದರೆ, 2 ಅಥವಾ 2.5 ಟನ್‌ನ ಉದ್ದ ಅಲ್ಯೂಮಿನಿಯಂ ಜಾಕ್‌ಗೆ ಹೋಗಿ, ತೂಕ ಐದಾರು ಕೆಜಿ ಜಾಸ್ತಿ ಆಗಬಹುದು.

ಅಷ್ಟು ದುಡ್ಡು ಹಾಕಲು ಮನಸ್ಸಿಲ್ಲದಿದ್ದರೆ ಇನ್ನೊಂದು ದಾರಿ ಇದೆ, ನಾನಾಗಿದ್ದರೆ ಬಹುಶಃ ಇದನ್ನೇ ಮಾಡುತ್ತಿದ್ದೆ. ಜಾಕ್ ಮೆಟ್ಟಿಲು ಹತ್ತಲೇಬೇಕು ಅಂತ ಏನಿದೆ? ಉದ್ದ ಹ್ಯಾಂಡಲಿನ, 20-25 ಕೆಜಿಯ ತಗ್ಗು ಸ್ಟೀಲ್ ಜಾಕ್ ತಂದು ಕಾರು ನಿಲ್ಲಿಸುವ ಶೆಡ್ಡಿನ ಮೂಲೆಯಲ್ಲೋ, ಹೊರಗಿನ ಮೆಟ್ಟಿಲ ಕೆಳಗೋ ಮರದ ಹಲಗೆ ಮೇಲೆ ಇಟ್ಟುಬಿಡಿ. ಅಂಗಡಿಯವರೇ ಇಳಿಸಿಕೊಡುತ್ತಾರೆ. ಆಮೇಲೆ ಅದನ್ನು ನೀವು ಎತ್ತುವುದೇ ಇಲ್ಲ, ಹ್ಯಾಂಡಲ್ ಹಿಡಿದು ಎಳೆದುಕೊಂಡು ಹೋಗುತ್ತೀರಿ. ಉಳಿದ ದುಡ್ಡಲ್ಲಿ ಒಳ್ಳೆಯ ಸ್ಟ್ಯಾಂಡ್ ಬರುತ್ತದೆ. ಮಗನಿಗೆ ಜಾಕ್ ಬೇರೆ ಊರಿಗೆ ಒಯ್ಯಬೇಕು, ಡಿಕ್ಕಿಯಲ್ಲಿ ಇಟ್ಟುಕೊಳ್ಳಬೇಕು ಅಂತಿದ್ದರೆ ಮಾತ್ರ ಅಲ್ಯೂಮಿನಿಯಂನ ಬೆಲೆಗೆ ಅರ್ಥ ಬರುತ್ತದೆ.

ಅಂಗಡಿಯಲ್ಲಿ ನೋಡಬೇಕಾದದ್ದು. ರ‍್ಯಾಮ್ ಸುತ್ತ, ಪಂಪಿನ ಬುಡದಲ್ಲಿ ಎಣ್ಣೆ ಜಿನುಗಿದೆಯಾ ಬೆರಳಾಡಿಸಿ ನೋಡಿ. ಬೆಸುಗೆ ಒಂದೇ ಸಮ ಹೋಗಿದೆಯಾ, ಗಾಲಿ ಲೋಹದ್ದಾ, ಸ್ಯಾಡಲ್ ಮೇಲೆ ರಬ್ಬರ್ ಇದೆಯಾ ನೋಡಿ. ಹ್ಯಾಂಡಲ್ ತಿರುಗಿಸಿ ಇಳಿಸುವಾಗ ನಿಧಾನಕ್ಕೆ ಇಳಿಯಬೇಕು, ದಬಕ್ಕನೆ ಇಳಿದರೆ ಆ ಜಾಕ್ ಬಿಟ್ಟುಬಿಡಿ. ಸೀಲ್ ಕಿಟ್ ಸಿಗುತ್ತದಾ ಅಂತ ಕೇಳಿ, ಐದಾರು ವರ್ಷಕ್ಕೆ ಬೇಕಾಗುತ್ತದೆ. ಮನೆಗೆ ತಂದ ಮೇಲೆ, ಜಾಕ್ ಇಳಿಸುವ ವಾಲ್ವ್ ತೆರೆದಿಟ್ಟು ಹತ್ತು ಹದಿನೈದು ಸಲ ಖಾಲಿ ಪಂಪ್ ಮಾಡಿ, ಒಳಗಿನ ಗಾಳಿ ಹೋಗುತ್ತದೆ. ಆಮೇಲೆ ಸ್ವಿಫ್ಟ್‌ನ ಒಂದು ಮೂಲೆ ಸ್ವಲ್ಪ ಎತ್ತಿ, ಅಡಿಗೆ ಏನೂ ಇಡದೆ, ಕೈ ಹಾಕದೆ, ನೆಲದಿಂದ ಅಂಚಿಗೆ ಅಳತೆ ಬರೆದುಕೊಂಡು ಕಾಲು ಗಂಟೆ ಬಿಡಿ. ಅಳತೆ ಇಳಿದಿದ್ದರೆ ಮರುದಿನವೇ ವಾಪಸ್ ಕೊಡಿ.

ಎಣ್ಣೆ ಕಮ್ಮಿಯಾದರೆ ಹೈಡ್ರಾಲಿಕ್ ಜಾಕ್ ಆಯಿಲ್ ಮಾತ್ರ ಹಾಕಿ. ಮನೆಯಲ್ಲಿ ಉಳಿದಿದೆ ಅಂತ ಬ್ರೇಕ್ ಆಯಿಲ್ ಹಾಕಿದರೆ ಒಳಗಿನ ಸೀಲ್ ಊದಿಕೊಂಡು ಹಾಳಾಗುತ್ತದೆ. ನಿಮ್ಮ ಕಡೆಯ ಹವೆಯಲ್ಲಿ ಜಾಕ್ ಪೂರ್ತಿ ಇಳಿಸಿಯೇ ಇಡಬೇಕು. ರ‍್ಯಾಮ್ ಹೊರಗಿದ್ದರೆ ಅದರ ಮೇಲೆ ತುಕ್ಕಿನ ಚುಕ್ಕೆ ಬಂದು, ಮುಂದಿನ ಸಲ ಒಳಗೆ ಹೋಗುವಾಗ ಸೀಲ್ ಕೊಯ್ಯುತ್ತದೆ. ಜೂನ್‌ಗೆ ಮೊದಲು ಒಂದು ಸಲ, ಅಕ್ಟೋಬರ್‌ಗೆ ಒಂದು ಸಲ ಗಾಲಿಗೂ ಪಿನ್‌ಗಳಿಗೂ ಗ್ರೀಸ್. ಅಲ್ಯೂಮಿನಿಯಂ ಜಾಕ್‌ಗೆ ತುಕ್ಕಿಲ್ಲ ಅಂತ ಬಿಡಬೇಡಿ, ಅದರ ಸ್ಟೀಲ್ ಬೋಲ್ಟು ಅಲ್ಯೂಮಿನಿಯಂಗೆ ತಾಗುವ ಕಡೆ ತೇವ ನಿಂತರೆ ಬಿಳಿ ಪುಡಿ ಕಟ್ಟಿ ತಿನ್ನುತ್ತದೆ.

ಕೊನೆಯದಾಗಿ ನೀವು ಒಬ್ಬರೇ ಇರುವ ಮಾತು. ಚಕ್ರ ಬದಲು, ಬ್ರೇಕ್ ಪ್ಯಾಡ್ ನೋಡುವುದು ಇಷ್ಟನ್ನು ಒಬ್ಬರೇ ಮಾಡಿ, ತೊಂದರೆ ಇಲ್ಲ. ತಲೆ, ಎದೆ ಕಾರಿನ ಅಡಿಗೆ ಹೋಗುವ ಕೆಲಸ, ಅಂದರೆ ಆ ತುಕ್ಕು ನೋಡುವುದನ್ನು, ಮಗ ಮನೆಯಲ್ಲಿ ಇರುವ ಭಾನುವಾರಕ್ಕೆ ಇಟ್ಟುಕೊಳ್ಳಿ. ಅವತ್ತೂ ಎರಡು ಸ್ಟ್ಯಾಂಡ್ ಕೊಟ್ಟು, ಕಾರನ್ನು ಕೈಯಲ್ಲಿ ಗಟ್ಟಿಯಾಗಿ ಎರಡು ಸಲ ಅಲುಗಿಸಿ ನೋಡಿದ ಮೇಲೆಯೇ ಒಳಗೆ ಹೋಗಬೇಕು. ಒಬ್ಬರೇ ಇರುವ ದಿನ ಫೋನ್ ಜಗಲಿ ಮೇಲೆ ಬಿಡದೆ ಜೇಬಲ್ಲೇ ಇಟ್ಟುಕೊಳ್ಳಿ, ಶುರು ಮಾಡುವ ಮೊದಲು ಆ ಪಕ್ಕದ ಮನೆಯವರಿಗೆ ಒಂದು ಮಾತು ಹೇಳಿ. ಎರಡೂ ಕಾರಿನ ಅಳತೆ ತೆಗೆದ ಮೇಲೆ ನನಗೂ ಬರೆದು ಕಳಿಸಿ, ಯಾವ ಜಾಕ್ ಮುಟ್ಟುತ್ತದೆ ಅಂತ ಕೂತು ನೋಡೋಣ.